6ನೇ ತಿಂಗಳು, ಕೊಲೆಸ್ಟ್ರಾಲ್ 286 ಅಂತ ಬಂದಿದೆ, ಇದ್ರಿಂದ ಡೆಲಿವರಿ ಬೇಗ ಆಗ್ಬಿಡತ್ತಾ?

ದಾವಣಗೆರೆ_ಅಮ್ಮು:

ಎಲ್ರಿಗೂ ನಮಸ್ಕಾರ. ನನಗೆ ಇದು ಮೊದಲನೇದು, ಈಗ 24 ವಾರ ನಡೀತಿದೆ, ವಯಸ್ಸು 29. ಇಲ್ಲಿವರೆಗೂ ಸ್ಕ್ಯಾನ್ ಎಲ್ಲಾ ಚೆನ್ನಾಗಿದೆ ಅಂದಿದಾರೆ, ಬಿಪಿ ಹೋದ ಸಲ 112/74 ಇತ್ತು, ಹಿಮೋಗ್ಲೋಬಿನ್ 10.8 ಅಂತ ಐರನ್ ಮಾತ್ರೆ ನಡೀತಿದೆ. ವಿಷ್ಯ ಏನಪ್ಪಾ ಅಂದ್ರೆ ನಮ್ಮನೆಯವರ ಆಫೀಸಿಂದ ಮನೆಮಂದಿಗೆಲ್ಲಾ ಫುಲ್ ಬಾಡಿ ಚೆಕಪ್ ಕೊಟ್ಟಿದ್ರು, ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರೆ, ಅತ್ತೆ ಮಾವನ ಜೊತೆ ನಂದೂ ಆಗ್ಲಿ ಅಂತ ಕೊಟ್ವಿ. ಮೊಬೈಲಿಗೆ ರಿಪೋರ್ಟ್ ಬಂತು ನೋಡಿದ್ರೆ ಟೋಟಲ್ ಕೊಲೆಸ್ಟ್ರಾಲ್ 286, ಟ್ರೈಗ್ಲಿಸರೈಡ್ ಅಂತ ರಕ್ತದಲ್ಲಿರೋ ಇನ್ನೊಂದು ಕೊಬ್ಬು 268, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ ಅದು) 174, ಎಚ್‌ಡಿಎಲ್ (ಒಳ್ಳೇದು ಅನ್ನೋದು) 58. ಎಚ್‌ಡಿಎಲ್ ಒಂದು ಬಿಟ್ಟು ಎಲ್ಲದರ ಮುಂದೆನೂ ಕೆಂಪಲ್ಲಿ ಹೈ ಅಂತ ಇದೆ. ಕೆಳಗಡೆ ಹೃದಯದ ರಿಸ್ಕ್ ಜಾಸ್ತಿ, ಡಾಕ್ಟರನ್ನ ಕಾಣಿ ಅಂತ ಬೇರೆ ಬರೆದಿದಾರೆ.

ಮದುವೆಗೆ ಮುಂಚೆ ಯಾವತ್ತೂ ಇದನ್ನ ಚೆಕ್ ಮಾಡಿಸಿರ್ಲಿಲ್ಲ. ನಾನು ಅಷ್ಟೇನೂ ದಪ್ಪ ಇಲ್ಲ, ಪ್ರೆಗ್ನೆಂಟ್ ಆಗೋ ಮುಂಚೆ 61 ಕೆಜಿ ಇದ್ದೆ.

ಭಯ ಯಾಕೆ ಅಂದ್ರೆ ನಮ್ಮ ನಾದಿನಿಗೆ ಹೋದ ವರ್ಷ 33 ವಾರಕ್ಕೇ ಡೆಲಿವರಿ ಆಯ್ತು, ಮಗು ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇತ್ತು, ಆ ದಿನಗಳನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ ಅನ್ನತ್ತೆ. ಅವಳಿಗೂ ರಕ್ತದಲ್ಲಿ ಕೊಬ್ಬು ಜಾಸ್ತಿ ಅಂತ ಹೇಳಿದ್ರಂತೆ. ರಿಪೋರ್ಟ್ ನೋಡಿದ ಕೂಡ್ಲೇ ಅತ್ತೆ ಅದನ್ನೇ ಹೇಳಿದ್ರು, ಮಾಡಿಟ್ಟಿದ್ದ ಅಂಟಿನುಂಡೆ ಡಬ್ಬಿ ಎತ್ತಿಟ್ರು, ನಾನೂ ತುಪ್ಪ, ಹಾಲು, ಮೊಟ್ಟೆ, ಕಾಯಿಚಟ್ನಿ ಎಲ್ಲಾ ಬಿಟ್ಟು ಬರೀ ಚಪಾತಿ ಪಲ್ಯ ತಿಂತಿದೀನಿ. ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ವಾರ. ಅಷ್ಟರಲ್ಲಿ ಏನಾದ್ರೂ ಆಗ್ಬಿಟ್ರೆ ಅಂತ ರಾತ್ರಿ ನಿದ್ದೆನೇ ಬರ್ತಿಲ್ಲ. ಯಾರಿಗಾದ್ರೂ ಹಿಂಗೆ ಬಂದಿತ್ತಾ? ಮಾತ್ರೆ ತಗೋಬೇಕಾಗತ್ತಾ? ಮಗು ಬೇಗ ಹುಟ್ಟೋದಕ್ಕೂ ಇದಕ್ಕೂ ನಿಜವಾಗ್ಲೂ ಸಂಬಂಧ ಇದ್ಯಾ? ಗೊತ್ತಿರೋರು ದಯವಿಟ್ಟು ಹೇಳಿ.

ಲೇಬರ್‌ವಾರ್ಡ್_ಸಿಸ್ಟರ್:

ಅಮ್ಮು ಅವ್ರೆ, ಮೊದ್ಲು ಸಮಾಧಾನ ಮಾಡ್ಕೊಳಿ. ನಾನು ಡಾಕ್ಟರ್ ಅಲ್ಲ, ಮೈಸೂರು ಕಡೆ ಹೆರಿಗೆ ವಾರ್ಡಲ್ಲಿ ಸ್ಟಾಫ್ ನರ್ಸ್, ಇಂಥ ರಿಪೋರ್ಟ್ ಹಿಡ್ಕೊಂಡು ಅಳ್ತಾ ಬರೋ ಹೆಣ್ಮಕ್ಕಳನ್ನ ಈಗೀಗ ತುಂಬಾ ನೋಡ್ತಿದೀನಿ, ಈ ಪ್ಯಾಕೇಜ್ ಚೆಕಪ್‌ಗಳು ಶುರುವಾದ್ಮೇಲಂತೂ ಜಾಸ್ತಿ.

ಆ ಕೆಂಪು ಗುರುತು ಬಸುರಿ ಅಲ್ಲದೋರ ಲೆಕ್ಕದಲ್ಲಿ ಹಾಕಿರೋದು. 200ರ ಒಳಗಿರ್ಬೇಕು, 150ರ ಒಳಗಿರ್ಬೇಕು ಅನ್ನೋದೆಲ್ಲಾ ಮಾಮೂಲಿ ಜನಕ್ಕೆ. ನಿಮ್ಮ ಹೊಟ್ಟೇಲಿ ಮಗು ಇದೆ ಅಂತ ಲ್ಯಾಬಿನ ಕಂಪ್ಯೂಟರ್‌ಗೆ ಯಾರೂ ಹೇಳಿರಲ್ಲ. ಆರೋಗ್ಯವಾಗಿರೋ ಬಸುರಿಯರಲ್ಲಿ 4ರಿಂದ 6ನೇ ತಿಂಗಳ ಹೊತ್ತಿಗೆ ಟೋಟಲ್ 176ರಿಂದ 299ರವರೆಗೂ ಇರತ್ತೆ, ಎಲ್‌ಡಿಎಲ್ 184ರ ತನಕ, ಟ್ರೈಗ್ಲಿಸರೈಡ್ 382ರ ತನಕ ಹೋಗತ್ತೆ. ಕೊನೇ ಮೂರು ತಿಂಗಳಲ್ಲಿ ಇನ್ನೂ ಏರತ್ತೆ, ಟೋಟಲ್ 349, ಟ್ರೈಗ್ಲಿಸರೈಡ್ 450ರ ಹತ್ರ ಬಂದ್ರೂ ಆ ಲೆಕ್ಕದಲ್ಲಿ ಮಾಮೂಲೇ. ನಿಮ್ಮ ನಂಬರ್ ಹಾಕಿ ನೋಡಿ, ಎಲ್ಲಾ ಒಳಗೇ ಇದೆ. ಮೇಲಿನ ಅಂಚಿಗೆ ಹತ್ರ ಇದೆ ನಿಜ, ಆದ್ರೆ ಒಳಗಿದೆ.

ಯಾಕೆ ಏರತ್ತೆ ಅಂದ್ರೆ ದೇಹನೇ ಬೇಕಂತ ಏರಿಸತ್ತೆ. ಈಸ್ಟ್ರೋಜನ್ ಜಾಸ್ತಿ ಆದ ಹಾಗೆ ಲಿವರ್ ಹೆಚ್ಚು ಹೆಚ್ಚು ಕೊಬ್ಬಿನಂಶ ರಕ್ತಕ್ಕೆ ಬಿಡತ್ತೆ. ಮಾಸು ಇದ್ಯಲ್ಲ, ಪ್ಲಾಸೆಂಟಾ, ಅದು ಅಮ್ಮನ ರಕ್ತದಲ್ಲಿರೋ ಕೊಲೆಸ್ಟ್ರಾಲನ್ನೇ ತಗೊಂಡು ಪ್ರೊಜೆಸ್ಟರಾನ್ ಮಾಡತ್ತೆ, ಗರ್ಭಕೋಶ ಸುಮ್ಮನೆ ನೋವು ತಗೊಳ್ದೆ ಶಾಂತವಾಗಿರೋದೇ ಆ ಹಾರ್ಮೋನಿಂದ. ಮಗುವಿನ ಮೆದುಳು, ನರ, ಪ್ರತಿಯೊಂದು ಜೀವಕೋಶದ ಪೊರೆ ಕಟ್ಟೋದಕ್ಕೂ ಕೊಲೆಸ್ಟ್ರಾಲ್ ಬೇಕು. ಮಗು ಬೆಳೀತಾ ಬಂದ ಹಾಗೆ ಅಮ್ಮನ ದೇಹ ತನ್ನ ಖರ್ಚಿಗೆ ಕೊಬ್ಬನ್ನ ಬಳಸ್ಕೊಂಡು ಸಕ್ಕರೆ ಅಂಶನ ಮಗುವಿಗೆ ಬಿಟ್ಕೊಡತ್ತೆ, ಅದಕ್ಕೇ ಕೊನೇ ತಿಂಗಳುಗಳಲ್ಲಿ ಟ್ರೈಗ್ಲಿಸರೈಡ್ ಎರಡು ಪಟ್ಟು, ಮೂರು ಪಟ್ಟು ಆಗೋದು. ಹಂಗಾಗಿ ಬಸುರಲ್ಲಿ ಎಲ್ರಿಗೂ ಕೊಲೆಸ್ಟ್ರಾಲ್ ಟೆಸ್ಟ್ ಮಾಡ್ಸೋ ಪದ್ಧತಿ ಇಲ್ಲ. ಹಳೇದೇ ಏನಾದ್ರೂ ಪ್ರಾಬ್ಲಂ ಇದ್ರೆ ಮಾತ್ರ ಬರೀತಾರೆ.

ಇನ್ನು ಬೇಗ ಡೆಲಿವರಿ ವಿಷ್ಯ. 37 ವಾರ ತುಂಬೋ ಮುಂಚೆ ಹುಟ್ಟಿದ್ರೆ ಅವಧಿಪೂರ್ವ ಅಂತೀವಿ, ಪ್ರಪಂಚದಲ್ಲಿ ಹತ್ತರಲ್ಲಿ ಒಂದು ಮಗು ಹಾಗೆ ಹುಟ್ಟತ್ತೆ, 2020ರಲ್ಲಿ ನಮ್ಮ ದೇಶದಲ್ಲೇ ಸುಮಾರು 30 ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ. ಇದ್ರಲ್ಲಿ ಎರಡು ಥರ ಇದೆ. ಒಂದು ತಾನಾಗೇ ನೋವು ಶುರುವಾಗೋದು ಇಲ್ಲ ನೀರು ಒಡೆಯೋದು. ಇನ್ನೊಂದು ಅಮ್ಮನಿಗೆ ಬಿಪಿ ಏರಿ ಅಥವಾ ಮಗುವಿನ ಬೆಳವಣಿಗೆ ನಿಂತು, ಇನ್ನು ಒಳಗಿಡೋದು ಕ್ಷೇಮ ಅಲ್ಲ ಅಂತ ಡಾಕ್ಟರೇ ಹೆರಿಗೆ ಮಾಡ್ಸೋದು. ಟ್ರೈಗ್ಲಿಸರೈಡ್ ಬಸುರಿನ ಲೆಕ್ಕಕ್ಕೂ ಮೀರಿ ಏರಿರೋರಲ್ಲಿ ಬಿಪಿ, ಶುಗರ್ ಕಾಣಿಸ್ಕೊಳ್ಳೋದು ಜಾಸ್ತಿ, ಆ ದಾರೀಲಿ ಬೇಗ ಹೆರಿಗೆ ಆಗ್ಬಹುದು. ಅದು ಬಿಟ್ಟು 286 ಅಂತ ಬಂದ ತಕ್ಷಣ ನೋವು ಶುರುವಾಗ್ಬಿಡತ್ತೆ ಅನ್ನೋದೆಲ್ಲಾ ಇಲ್ಲ ಕಣಮ್ಮ.

ಮುಂದಿನ ವಾರ ಹೋದಾಗ ರಿಪೋರ್ಟ್ ತೋರ್ಸಿ, ಜೊತೆಗೆ ಇವನ್ನ ಕೇಳಿ. ಶುಗರ್ ಟೆಸ್ಟ್ ಆಗಿದ್ಯಾ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದ್ಮೇಲೆ ರಕ್ತ ತೆಗೀತಾರಲ್ಲ ಅದು, 24ರಿಂದ 28 ವಾರದೊಳಗೆ ಆಗ್ಲೇಬೇಕು, ನಿಮಗೆ ಸರಿಯಾಗಿ ಟೈಮ್ ಬಂದಿದೆ. ಥೈರಾಯ್ಡ್ ಕಮ್ಮಿ ಇದ್ರೂ ಕೊಲೆಸ್ಟ್ರಾಲ್ ಏರತ್ತೆ, ಅದಕ್ಕೆ ಟಿಎಸ್‌ಎಚ್ ಯಾವಾಗ ನೋಡಿದ್ರು ಕೇಳಿ. 5ನೇ ತಿಂಗಳ ಸ್ಕ್ಯಾನಲ್ಲಿ ಗರ್ಭಕೋಶದ ಬಾಯಿ ಎಷ್ಟು ಉದ್ದ ಇತ್ತು ಅಂತ ನೋಡಿ, 25 ಮಿಲಿಮೀಟರ್‌ಗಿಂತ ಗಿಡ್ಡ ಇದ್ರೆ ಅದು ನಿಜವಾಗ್ಲೂ ಗಮನ ಕೊಡ್ಬೇಕಾದ ವಿಷ್ಯ, ಪ್ರೊಜೆಸ್ಟರಾನ್ ಕೊಡ್ತಾರೆ. ಮೂತ್ರದ ಸೋಂಕು ಇದ್ರೂ ಬೇಗ ನೋವು ಬರ್ಬಹುದು, ಉರಿ ಗಿರಿ ಇದ್ರೆ ಮುಚ್ಚಿಡ್ಬೇಡಿ. ನನ್ನ ಅನುಭವದಲ್ಲಿ ಬೇಗ ಹೆರಿಗೆಗೆ ಬರೋರಲ್ಲಿ ಈ ಕಾರಣಗಳೇ ಹೆಚ್ಚು.

ನೀವಾಗೇ ಯಾವ ಮಾತ್ರೆನೂ ನುಂಗ್ಬೇಡಿ. ನಾಟಿ ಔಷಧಿ, ಗುಗ್ಗುಳ ಗಿಗ್ಗುಳ, ಕೊಲೆಸ್ಟ್ರಾಲ್ ಇಳಿಸತ್ತೆ ಅಂತ ಆನ್‌ಲೈನಲ್ಲಿ ಬರೋ ಕ್ಯಾಪ್ಸೂಲ್, ಯಾವ್ದೂ ಬೇಡ.

ಹುಬ್ಬಳ್ಳಿ_ಅಕ್ಕ:

ಸಿಸ್ಟರ್ ಹೇಳಿದ್ದು ಖರೆ ಐತಿ ತಂಗಿ, ಆದ್ರ ಒಂದು ಮಾತು ಕೇಳ್ತೀನಿ. ನಿಮ್ಮ ತವರುಮನಿ ಕಡೆ ಯಾರಿಗರೆ ಸಣ್ಣ ವಯಸ್ಸಿನ್ಯಾಗ ಹಾರ್ಟ್ ಅಟ್ಯಾಕ್ ಆಗೇತೇನು? ನಮ್ಮ ಅಪ್ಪಾರು 43ಕ್ಕ ಹೋದ್ರು, ಕಾಕಾಗ 40ರಾಗ ಸ್ಟೆಂಟ್ ಹಾಕ್ಯಾರ. ನನಗ ಮದುವಿಗಿಂತ ಮುಂಚೇನ ಎಲ್‌ಡಿಎಲ್ 230ರ ಮ್ಯಾಲ ಇತ್ತು, ಮೈಯಾಗ ಒಂದೀಟು ಕೊಬ್ಬಿಲ್ಲ, ತೆಳ್ಳಗ ಅದೀನಿ, ಆದ್ರೂ. ಡಾಕ್ಟರ್ ಹೇಳಿದ್ರು ಇದು ಮನೆತನದಾಗ ಹರಕೊಂಡು ಬರೋದು ಅಂತ. ಸುಮಾರು 250 ಮಂದಿಯೊಳಗ ಒಬ್ಬರಿಗೆ ಇರ್ತೈತಂತ, ಬಾಳ ಮಂದಿಗೆ ತಮಗ ಐತಿ ಅಂತನ ಗೊತ್ತಿರೂದಿಲ್ಲ. ಇಂಥಾವ್ರಿಗೆ ಬಸುರಾದಾಗ ಇನ್ನೂ ಏರ್ತೈತಿ, ಯಾಕಂದ್ರ ಮೊದಲ ಜಾಸ್ತಿ ಇದ್ದದ್ದರ ಮ್ಯಾಲ ಬಸುರಿಂದು ಬ್ಯಾರೆ ಕೂಡ್ತೈತಿ.

ನಾ ಕೊಲೆಸ್ಟ್ರಾಲ್ ಇಳಿಸೂ ಸ್ಟ್ಯಾಟಿನ್ ಗುಳಿಗಿ ತಗೋತಿದ್ದೆ. ಕೂಸು ಬೇಕು ಅಂತ ವಿಚಾರ ಮಾಡಿದಾಗ ಡಾಕ್ಟರ್ ಅದನ್ನ ನಿಲ್ಲಿಸಿದ್ರು. ಮೊದಲ ಇದನ್ನ ಬಸುರಾಗ ಮುಟ್ಟಲೇಬಾರದು ಅಂತಿದ್ರು, 2021ರಾಗ ಅಮೆರಿಕಾದ ಔಷಧ ಇಲಾಖೆ ಆ ಬಿರುಸು ಎಚ್ಚರಿಕಿ ತಗದಾಕ್ರಿ ಅಂತ ಹೇಳ್ತು, ಆದ್ರೂ ಬಹಳಷ್ಟು ಮಂದಿ ಬಸುರಾದ ಕೂಡ್ಲೇ ನಿಲ್ಲಿಸೂದ ಚಲೋ ಅಂತನ ಅವರೂ ಹೇಳ್ಯಾರ. ಗೊತ್ತಿಲ್ಲದ ಒಂದೆರಡು ವಾರ ತಗೊಂಡವರು ಹೆದರಿ ಸಾಯೂದು ಬ್ಯಾಡ ಅನ್ನೂದು ಅದರ ಅರ್ಥ. ಹಾರ್ಟ್ ಅಟ್ಯಾಕ್ ಆದವರು, ಬಾಳ ಬಿಗಿ ಪರಿಸ್ಥಿತಿ ಇದ್ದವರಿಗೆ ಅಷ್ಟ ಡಾಕ್ಟರ್ ನೋಡಿ ಮುಂದುವರಿಸ್ತಾರ. ನನಗ ರಕ್ತಕ್ಕ ಸೇರದ, ಹೊಟ್ಟ್ಯಾಗ ಪಿತ್ತ ಹಿಡಕೊಂಡು ಹೊರಗ ಹೋಗೂ ಪುಡಿ ಕೊಟ್ಟಿದ್ರು, ನೀರಾಗ ಕಲಿಸಿ ಕುಡಿಯೂದು, ಹೊಟ್ಟಿ ಉಬ್ಬರಸ್ತಿತ್ತು, ಆದ್ರ ಕೂಸಿಗೆ ಹೋಗೂದಿಲ್ಲ ಅಂತ ಧೈರ್ಯ ಇತ್ತು. ಅದನ್ನ ತಗೊಂಡ್ರ ವಿಟಮಿನ್ ಕೆ ಕಮ್ಮಿ ಆಗ್ತೈತಿ ಅಂತ ಅದನ್ನೂ ನೋಡಕೋತಿದ್ರು.

ನನ್ನ ಮಗಳು 38 ವಾರಕ್ಕ ಹುಟ್ಟಿದ್ಲು, 2.9 ಕೆಜಿ. ಅಷ್ಟು ಕೊಲೆಸ್ಟ್ರಾಲ್ ಇಟ್ಕೊಂಡು ದಿನ ತುಂಬೇ ಹಡದೀನಿ. ಆದ್ರ ಅಕಿಗೂ ಈ ಜೀನ್ ಬರೂ ಸಾಧ್ಯತಾ ಅರ್ಧಕ್ಕರ್ಧ ಐತಿ, ಸಣ್ಣಾಕಿ ಇದ್ದಾಗನ ಟೆಸ್ಟ್ ಮಾಡಸ್ರಿ ಅಂದಾರ. ಅದಕ್ಕ ಹೇಳ್ತೀನಿ, ನಿನ್ನ ಎಲ್‌ಡಿಎಲ್ ಹಡದ ಮ್ಯಾಲ ಇಳಿತೈತೋ ಇಲ್ಲೋ ನೋಡಸ್ಲಿಕ್ಕೆ ಬೇಕು. ಕಣ್ಣಿನ ರೆಪ್ಪಿ ಮ್ಯಾಲ ಹಳದಿ ಗಂಟು, ಹಿಮ್ಮಡದ ಹಿಂದಿನ ನರ ದಪ್ಪ ಆಗಿದ್ರ ಅದನ್ನೂ ಡಾಕ್ಟರ್‌ಗೆ ತೋರಸು.

ದಾವಣಗೆರೆ_ಅಮ್ಮು:

ತುಂಬಾ ಥ್ಯಾಂಕ್ಸ್ ಸಿಸ್ಟರ್, ಅಕ್ಕ. ಓದಿ ಸ್ವಲ್ಪ ಉಸಿರು ಬಂತು. ನಮ್ಮಪ್ಪನ ಕಡೆ ಅಮ್ಮನ ಕಡೆ ಚಿಕ್ಕ ವಯಸ್ಸಲ್ಲಿ ಹಾರ್ಟ್ ಪ್ರಾಬ್ಲಂ ಯಾರಿಗೂ ಇಲ್ಲ, ಆದ್ರೆ ಅಮ್ಮನಿಗೆ ಶುಗರ್ ಇದೆ, ಅಜ್ಜಿಗೂ ಇತ್ತು. ಶುಗರ್ ಟೆಸ್ಟ್ 3ನೇ ತಿಂಗಳಲ್ಲಿ ಒಂದ್ಸಲ ಆಗಿತ್ತು, ನಾರ್ಮಲ್ ಇತ್ತು, ಆಮೇಲೆ ಮಾಡಿಲ್ಲ. ಟಿಎಸ್‌ಎಚ್ ಈ ಪ್ಯಾಕೇಜಲ್ಲೇ ಇದೆ, 2.4. ಸ್ಕ್ಯಾನಲ್ಲಿ ಗರ್ಭಕೋಶದ ಬಾಯಿ 3.6 ಸೆಂಟಿಮೀಟರ್ ಅಂತ ಬರೆದಿದಾರೆ.

ಊಟದ ವಿಷ್ಯ ಯಾರಾದ್ರೂ ಹೇಳ್ತೀರಾ? ಇಡೀ ದಿನ ಹಸಿವು, ತಲೆ ಸುತ್ತು. ಅತ್ತೆಗೆ ಏನು ಹೇಳ್ಲಿ ಗೊತ್ತಾಗ್ತಿಲ್ಲ, ಅವರೂ ಪ್ರೀತಿಯಿಂದಲೇ ಹೇಳ್ತಿರೋದು.

ಕುಡ್ಲ_ಡಯಟ್:

ಅಯ್ಯೋ ಮಾರಾಯ್ರೆ, ಹಾಲು ಮೊಟ್ಟೆ ಯಾಕೆ ಬಿಟ್ಟದ್ದು? ಹಿಮೋಗ್ಲೋಬಿನ್ 10.8 ಇರುವವರು ಬರೀ ಚಪಾತಿ ಪಲ್ಯ ತಿಂದ್ರೆ ಹೇಗೆ? ಇವತ್ತಿಂದಲೇ ಶುರು ಮಾಡಿ. ನಾನು ಮಂಗಳೂರಲ್ಲಿ ಡಯಟೀಶಿಯನ್, ಬಸುರಿ ಬಾಣಂತಿಯರಿಗೇ ಹೆಚ್ಚು ನೋಡುವುದು.

ಮೊಟ್ಟೆಯಲ್ಲಿ ಸುಮಾರು 200 ಎಂಜಿ ಕೊಲೆಸ್ಟ್ರಾಲ್ ಉಂಟು, ಹೌದು. ಆದ್ರೆ ನಾವು ತಿನ್ನುವ ಕೊಲೆಸ್ಟ್ರಾಲ್‌ನಿಂದ ರಕ್ತದ್ದು ಏರುವುದು ಕಡಿಮೆ, ಲಿವರೇ ಮಾಡುವುದು ಜಾಸ್ತಿ. ಅದೇ ಮೊಟ್ಟೆಯಲ್ಲಿ ಮಗುವಿನ ಮೆದುಳಿಗೆ ಬೇಕಾದ ಕೋಲೀನ್ ಉಂಟು, ಒಳ್ಳೆ ಪ್ರೋಟೀನ್ ಉಂಟು. ದಿನಕ್ಕೊಂದು ಚೆನ್ನಾಗಿ ಬೇಯಿಸಿದ ಮೊಟ್ಟೆ ತಿನ್ನಿ. ಹಾಲು ಮೊಸರು ಕೆನೆ ತೆಗೆದದ್ದು ತಗೊಳ್ಳಿ, ಕ್ಯಾಲ್ಸಿಯಂ ಬೇಕಲ್ಲ. ತುಪ್ಪ ಅನ್ನಕ್ಕೆ ಒಂದು ಚಮಚ ಹಾಕಿದ್ರೆ ಏನೂ ಆಗುವುದಿಲ್ಲ. ಅಂಟಿನುಂಡೆಯಲ್ಲಿ ನನಗೆ ತಕರಾರು ತುಪ್ಪಕ್ಕಿಂತ ಬೆಲ್ಲದ್ದು, ಯಾಕಂದ್ರೆ ಟ್ರೈಗ್ಲಿಸರೈಡ್ ಏರಿಸುವುದರಲ್ಲಿ ಸಿಹಿಗೆ ದೊಡ್ಡ ಪಾಲುಂಟು. ಸಕ್ಕರೆ, ಬೆಲ್ಲ, ಮೈದಾ, ಜ್ಯೂಸ್, ಬೇಕರಿಯ ಪಫ್ಸು ಬನ್ನು, ತಟ್ಟೆ ತುಂಬ ಬಿಳಿ ಅನ್ನ, ಇವೆಲ್ಲ ಲಿವರಿಗೆ ಹೋಗಿ ಟ್ರೈಗ್ಲಿಸರೈಡ್ ಆಗ್ತದೆ. ಸೀಮಂತ ಹತ್ತಿರ ಬಂತಲ್ಲ, ಬಂದವರೆಲ್ಲ ಬಾಯಿಗೆ ಸಿಹಿ ಇಡ್ತಾರೆ, ಒಂದು ತುಂಡು ಸಾಕು ಅಂತ ಮೊದಲೇ ಹೇಳಿ ಇಡಿ. ವನಸ್ಪತಿ ಹಾಕಿದ್ದು ಮುಟ್ಟಲೇಬೇಡಿ, 2022ರಿಂದ ನಮ್ಮಲ್ಲಿ ಎಣ್ಣೆ ವನಸ್ಪತಿಯಲ್ಲಿ ಟ್ರಾನ್ಸ್ ಫ್ಯಾಟ್ 2 ಪರ್ಸೆಂಟ್ ಮೀರಬಾರದು ಅಂತ ಕಾನೂನು ಬಂದಿದೆ, ಆದ್ರೂ ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿಯುವ ಅಂಗಡಿಯದ್ದು ಬೇಡ.

ನಿಮ್ಮ ಕಡೆಯ ಊಟ ಚೆನ್ನಾಗೇ ಉಂಟು. ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿ, ಜೊತೆಗೆ ಬಸ್ಸಾರು, ಹೆಸರುಕಾಳು ಕೋಸಂಬರಿ, ಹುರುಳಿಕಾಳು, ಸೊಪ್ಪಿನ ಪಲ್ಯ. ಅನ್ನ ಕಡಿಮೆ, ಕಾಳು ಜಾಸ್ತಿ, ಅಷ್ಟೆ. ಓಟ್ಸ್ ಬೇಕಾದ್ರೆ ತಿನ್ನಿ, ಕಡ್ಡಾಯ ಅಂತೇನಿಲ್ಲ. ಶೇಂಗಾ, ಬಾದಾಮಿ ಒಂದು ಹಿಡಿ. ಕಾಯಿಚಟ್ನಿ ದಿನಾ ಬೇಡ, ಶೇಂಗಾ ಚಟ್ನಿ, ಅಗಸೆ ಚಟ್ನಿಪುಡಿ ಸ್ವಲ್ಪ ಬದಲಾಯಿಸಿ ತಿನ್ನಿ.

ಮೀನು ತಿನ್ನುವವರಾದ್ರೆ ಬೂತಾಯಿ, ಬಂಗುಡೆ ವಾರಕ್ಕೆ ಎರಡು ಸಲ. ಇವುಗಳಲ್ಲಿ ಒಮೇಗಾ 3 ಚೆನ್ನಾಗಿ ಉಂಟು. 2018ರಲ್ಲಿ ಕೊಕ್ರೇನ್ ಅಂತ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟು ಮಾಡಿ ಪರಿಶೀಲಿಸುವ ಸಂಸ್ಥೆಯವರು 70 ಟ್ರಯಲ್ ಒಟ್ಟು ಮಾಡಿ ನೋಡಿದ್ರು, ಬಸುರಲ್ಲಿ ಒಮೇಗಾ 3 ಹೆಚ್ಚಾಗಿ ತಗೊಂಡವರಲ್ಲಿ 37 ವಾರಕ್ಕೆ ಮುಂಚಿನ ಹೆರಿಗೆ 13.4ರಿಂದ 11.9 ಪರ್ಸೆಂಟಿಗೆ ಇಳಿದಿದೆ, 34 ವಾರಕ್ಕೆ ಮುಂಚಿನದ್ದು 4.6ರಿಂದ 2.7ಕ್ಕೆ. ಅಂಜಲ್, ಶಾರ್ಕ್ ಅಂಥ ದೊಡ್ಡ ಮೀನಲ್ಲಿ ಪಾದರಸ ಜಾಸ್ತಿ, ಬಸುರಲ್ಲಿ ಬೇಡ, ನಮ್ಮೂರಲ್ಲಿ ಅಂಜಲ್ ಫ್ರೈ ಬಿಡಿ ಅಂದ್ರೆ ಬೇಜಾರು ಮಾಡ್ಕೊಳ್ತಾರೆ, ಆದ್ರೂ ಹೇಳ್ತೇನೆ. ಶಾಖಾಹಾರಿ ಆದ್ರೆ ಪಾಚಿಯಿಂದ ಮಾಡಿದ ಡಿಎಚ್‌ಎ ಮಾತ್ರೆ ಸಿಗ್ತದೆ, ಅದೂ ಒಂದು ಒಮೇಗಾ 3, ಡಾಕ್ಟರ್ ಹತ್ತಿರ ಕೇಳಿ ತಗೊಳ್ಳಿ.

ಅತ್ತೆಯವರಿಗೆ ಹೀಗೆ ಹೇಳಿ: ಅಮ್ಮಾ, ತುಪ್ಪ ಒಂದು ಚಮಚ ಪರವಾಗಿಲ್ವಂತೆ, ಸಿಹಿ ಕಡಿಮೆ ಮಾಡ್ಬೇಕಂತೆ, ನೀವು ಮಾಡುವ ಬಸ್ಸಾರು ಕೋಸಂಬರಿ ದಿನಾ ಬೇಕಂತೆ. ಖುಷಿಯಿಂದ ಮಾಡಿ ಹಾಕ್ತಾರೆ.

ಬಯೋಕೆಮ್_ಮೇಷ್ಟ್ರು:

ಸಂಬಂಧ ಇದ್ಯಾ ಅಂತ ನೇರವಾಗಿ ಕೇಳಿದೀರಿ, ಅದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡ್ತೀನಿ, ಮೆಡಿಕಲ್ ಕಾಲೇಜಲ್ಲಿ ಇದೇ ಪಾಠ ಮಾಡೋನು ನಾನು. ಇಂಟರ್ನೆಟ್‌ನಲ್ಲಿ ಹುಡುಕಿದ್ರೆ ಕೊಲೆಸ್ಟ್ರಾಲ್ ಜಾಸ್ತಿ ಆದ್ರೆ ಬೇಗ ಹೆರಿಗೆ ಅಂತ ಒಂದು ಸಾಲು ಸಿಗತ್ತೆ, ಜನ ಅಲ್ಲಿಗೇ ನಿಲ್ತಾರೆ. 2007ರಲ್ಲಿ ಅಮೆರಿಕಾದ ಸೌತ್ ಕೆರೊಲಿನಾದ ತಾಯಂದಿರ ಮೇಲೆ ಮಾಡಿದ ಒಂದು ಸ್ಟಡಿ ಇದೆ, ಅದ್ರಲ್ಲಿ ಕೊಲೆಸ್ಟ್ರಾಲ್ ತೀರಾ ಕಮ್ಮಿ, ಅಂದ್ರೆ 159ಕ್ಕಿಂತ ಕೆಳಗಿದ್ದ ಬಿಳಿ ತಾಯಂದಿರಲ್ಲಿ 12.7 ಪರ್ಸೆಂಟ್ ಬೇಗ ಹೆರಿಗೆ ಆಯ್ತು, ಮಧ್ಯದ ಮಟ್ಟ ಇದ್ದೋರಲ್ಲಿ 5 ಪರ್ಸೆಂಟ್. ಅದೇ ವರ್ಷ ಬಂದ ಇನ್ನೊಂದು ಅಮೆರಿಕನ್ ಸ್ಟಡೀಲಿ, ಬಸುರಿನ ಶುರುವಿನಲ್ಲೇ ಕೊಲೆಸ್ಟ್ರಾಲ್ ಅಥವಾ ಟ್ರೈಗ್ಲಿಸರೈಡ್ ಜಾಸ್ತಿ ಇದ್ದೋರಲ್ಲಿ ಬೇಗ ಹೆರಿಗೆ ಹೆಚ್ಚು ಕಂಡಿತ್ತು. ಅಂದ್ರೆ ಎರಡು ಕೊನೆಯಲ್ಲೂ ರಿಸ್ಕ್ ಕಾಣಿಸ್ತಿದೆ. ಶುರುವಿನಲ್ಲೇ ಅನ್ನೋದನ್ನ ಗಮನಿಸಿ, ಮೊದಲ ಮೂರು ತಿಂಗಳಲ್ಲಿ 286 ಬರೋದು ಬೇರೆ, 24 ವಾರದಲ್ಲಿ ಬರೋದು ಬೇರೆ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸುಮಾರು 4000 ಬಸುರಿಯರನ್ನ ನೋಡಿ 2012ರಲ್ಲಿ ಪ್ರಕಟ ಮಾಡಿದ್ರು. ಅಲ್ಲೂ ಶುರುವಿನ ಟ್ರೈಗ್ಲಿಸರೈಡ್ ಏರಿದ ಹಾಗೆ ಬಿಪಿ, ಪ್ರಿಎಕ್ಲಾಂಪ್ಸಿಯಾ (ಬಸುರಲ್ಲಿ ಬಿಪಿ ಏರಿ ಕಿಡ್ನಿ, ಲಿವರ್‌ಗೂ ತೊಂದ್ರೆ ಕೊಡೋ ಕಾಯಿಲೆ), ಡಾಕ್ಟರೇ ಬೇಗ ಮಾಡ್ಸೋ ಹೆರಿಗೆ ಜಾಸ್ತಿ ಆಗಿತ್ತು, ಟೋಟಲ್ ಕೊಲೆಸ್ಟ್ರಾಲ್‌ಗೆ ಮಾತ್ರ ಆ ಸಂಬಂಧ ಸಿಗ್ಲಿಲ್ಲ. ಸಿಸ್ಟರ್ ಹೇಳಿದ ಎರಡು ಥರದ ಲೆಕ್ಕಕ್ಕೆ ಇದು ಸರಿಯಾಗಿ ಕೂತ್ಕೊಳ್ಳತ್ತೆ.

ನನಗೆ ತುಂಬಾ ಹಿಡಿಸಿದ್ದು ನಾರ್ವೆಯ ಓಸ್ಲೋದ ಟ್ರಯಲ್, 2005ರದ್ದು. 290 ಬಸುರಿಯರನ್ನ ಎರಡು ಗುಂಪು ಮಾಡಿ ಒಂದು ಗುಂಪಿಗೆ ಮೀನು, ಕಾಳು, ತರಕಾರಿ, ಹಣ್ಣು, ಕೊಬ್ಬು ಕಮ್ಮಿ ಇರೋ ಹಾಲು ಅಂತ ಊಟ ಬದಲಾಯಿಸಿದ್ರು, ಇನ್ನೊಂದು ಗುಂಪು ಮಾಮೂಲಿ ಊಟ. ಊಟ ಬದಲಾಯಿಸಿದ 141 ಜನರಲ್ಲಿ ಒಬ್ಬರಿಗೆ ಮಾತ್ರ 37 ವಾರಕ್ಕೆ ಮುಂಚೆ ಆಯ್ತು, ಮಾಮೂಲಿ ಊಟದ 149 ಜನರಲ್ಲಿ 11 ಜನಕ್ಕೆ. ಟ್ರಯಲ್ ಚಿಕ್ಕದು, ಎಲ್ರೂ ಸಿಗರೇಟ್ ಸೇದದ ಆರೋಗ್ಯವಂತ ಬಿಳಿ ಹೆಂಗಸರು, ಹಾಗಾಗಿ ನಮ್ಮೋರಿಗೂ ಇಷ್ಟೇ ಪರಿಣಾಮ ಅಂತ ಹೇಳಕ್ಕಾಗಲ್ಲ. ಆದ್ರೆ ಅಲ್ಲಿ ಯಾರೂ ಉಪವಾಸ ಬೀಳ್ಲಿಲ್ಲ, ಮಾತ್ರೆ ನುಂಗ್ಲಿಲ್ಲ, ತಟ್ಟೇಲಿರೋದನ್ನ ಬದಲಾಯಿಸಿದ್ರು ಅಷ್ಟೆ. ನೀವು ಮಾಡ್ತಿರೋ ಹಾಗೆ ಹೊಟ್ಟೆ ಕಟ್ಟೋದು ಅಲ್ಲವೇ ಅಲ್ಲ.

ಟ್ರೈಗ್ಲಿಸರೈಡ್ 500 ದಾಟಿದ್ರೆ ಆಗ ಡಾಕ್ಟರ್ ಬಿಗಿಯಾಗಿ ನೋಡ್ತಾರೆ, 1000 ದಾಟಿದ್ರೆ ಪ್ಯಾಂಕ್ರಿಯಾಸ್ ಊದ್ಕೊಳೋ ಅಪಾಯ, ಅದು ಎಮರ್ಜೆನ್ಸಿ. ನೀವು ಅಲ್ಲಿಂದ ದೂರ ಇದೀರಿ.

ಶಿರಸಿ_ಅವಳಿಅಲ್ಲದಮ್ಮ:

ನಂದು 33 ವಾರಕ್ಕೆ ಆಗಿದ್ದು, ನಿಮ್ಮ ನಾದಿನಿ ಥರಾನೇ. ಅದಕ್ಕೇ ಬರೀತಿದ್ದೆ. ನನಗೂ ಆಮೇಲೆ ಕೊಬ್ಬು ಜಾಸ್ತಿ ಇತ್ತು, ಟ್ರೈಗ್ಲಿಸರೈಡ್ 400ರ ಮೇಲಿತ್ತು ಅಂದಿದ್ರು, ಮನೇಲೆಲ್ಲಾ ಅದನ್ನೇ ಹಿಡ್ಕಂಡು ನೀನು ತಿಂದಿದ್ದು ಜಾಸ್ತಿ ಆತು, ಅದಕ್ಕೇ ಹಿಂಗಾತು ಅಂದ್ರು. ಬಾಣಂತನದಲ್ಲಿ ಆ ಮಾತು ಕೇಳೋದು ಎಷ್ಟು ಕಷ್ಟ ಗೊತ್ತಿದ್ಯಾ. ನಿಜ ಕಾರಣ ಬಿಪಿ. 31 ವಾರದ ಹೊತ್ತಿಗೆ ಕಾಲು ಕೈ ಬಾವು ಬಂದಿತ್ತು, ಮುಖ ಊದಿತ್ತು, ಬಸುರಲ್ಲಿ ಬಾವು ಮಾಮೂಲು ಅಂತ ಎಲ್ರೂ ಹೇಳಿದ್ರು. ಆಮೇಲೆ ತಲೆನೋವು, ಕಣ್ಣ ಮುಂದೆ ಮಿಂಚು ಹೊಡದ ಹಾಗೆ, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು. ಹೋಗಿ ನೋಡಿದ್ರೆ ಬಿಪಿ 170/110, ಯೂರಿನ್‌ನಲ್ಲಿ ಪ್ರೋಟೀನ್. ಮಗುವಿನ ಶ್ವಾಸಕೋಶ ಬಲಿಯೋದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು, ಬಿಪಿ ಇಳಿಸಿ, ಆಮೇಲೆ ಹೆರಿಗೆ ಮಾಡಿದ್ರು. ಮಗ 1.7 ಕೆಜಿ ಇದ್ದ. ಎದೆಗೆ ಅಪ್ಪಿಸಿ ಇಟ್ಕಳೋ ಕಾಂಗರೂ ಆರೈಕೆ ಹೇಳಿಕೊಟ್ರು, ದಿನವಿಡೀ ಹಂಗೇ ಕೂತಿರ್ತಿದ್ದೆ, ಈಗ ಅಂಗಳದ ತುಂಬಾ ಓಡ್ತಾ ಇದ್ದ.

ನಾದಿನಿಗೂ ಬಿಪಿ ಇತ್ತಾ ಅಂತ ಒಂದು ಮಾತು ಕೇಳಿ ನೋಡಿ. ಬಿಪಿ ಇದ್ದೋರಿಗೆ ಟ್ರೈಗ್ಲಿಸರೈಡ್ ಜೊತೇಲೇ ಏರಿರತ್ತೆ, ಜನಕ್ಕೆ ಕಾಣೋದು ಕೊಬ್ಬು ಮಾತ್ರ. ನಾನು ಬೇಡ್ಕಳೋದು ಇಷ್ಟೇ, ನೀವು ಬಿಪಿ ಚೆಕಪ್ ಒಂದೂ ತಪ್ಪಿಸ್ಬೇಡಿ. ದುಡ್ಡಿನ ತೊಂದ್ರೆ ಇದ್ರೆ ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೇಲಿ ಗರ್ಭಿಣಿಯರಿಗೆ ಪುಕ್ಕಟೆ ತಪಾಸಣೆ ಇರ್ತು, ತಾಯಿ ಕಾರ್ಡ್ ತಗಂಡು ಹೋಗಿ, ಆಶಾ ಅವ್ರು ಕರ್ಕಂಡು ಹೋಗ್ತ.

ಹೊಟ್ಟೆ ಗಟ್ಟಿ ಆಗಿ ಬಿಡ್ತಾ ಮತ್ತೆ ಮತ್ತೆ ಬಂದ್ರೆ, ಸೊಂಟದಿಂದ ಕೆಳಗೆ ಎಳೆದ ಹಾಗೆ ನೋವು, ನೀರು ಸೋರಿದ್ರೆ, ರಕ್ತ ಕಂಡ್ರೆ, ಮಗು ಹೊರಳೋದು ಕಮ್ಮಿ ಆದ್ರೆ, ನಾ ಹೇಳಿದ ತಲೆನೋವು ಕಣ್ಣು ಮಂಜು ಬಂದ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ.

ಲೇಬರ್‌ವಾರ್ಡ್_ಸಿಸ್ಟರ್:

ಶಿರಸಿ ಅಮ್ಮ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕೊನೇ ತಿಂಗಳುಗಳಲ್ಲಿ ಅಂಗೈ ಅಂಗಾಲು ವಿಪರೀತ ತುರಿಕೆ, ರಾತ್ರಿ ಹೊತ್ತು ಜಾಸ್ತಿ, ಮೈಮೇಲೆ ಗುಳ್ಳೆ ಇಲ್ಲ ಅಂದ್ರೆ ಅದನ್ನೂ ಹೇಳಿ. ಅದು ಕೊಲೆಸ್ಟ್ರಾಲ್ ಅಲ್ಲ, ಲಿವರಿಂದ ಪಿತ್ತ ಸರಿಯಾಗಿ ಹರೀದೆ ರಕ್ತಕ್ಕೆ ಸೇರೋದು, ಅದಕ್ಕೆ ಬೈಲ್ ಆಸಿಡ್ ಅಂತ ಬೇರೆ ಟೆಸ್ಟ್ ಇದೆ, ಅದ್ರಲ್ಲಿ ಬೇಗ ಹೆರಿಗೆ ಆಗೋ ಸಾಧ್ಯತೆ ನಿಜವಾಗ್ಲೂ ಹೆಚ್ಚು. ಬಿಸಿಲು, ಚರ್ಮ ಹಿಗ್ಗೋದು ಅಂತ ಎಣ್ಣೆ ಹಚ್ಕೊಂಡು ಸುಮ್ನಿರ್ತಾರೆ, ಹಾಗೆ ಮಾಡ್ಬೇಡಿ.

ದಾವಣಗೆರೆ_ಅಮ್ಮು:

ಡಾಕ್ಟರ್ ಹತ್ರ ಹೋಗಿ ಬಂದೆ, ಎಲ್ರಿಗೂ ತಿಳಿಸೋಣ ಅಂತ ಬರೀತಿದೀನಿ. ಕೊಲೆಸ್ಟ್ರಾಲ್ ರಿಪೋರ್ಟ್ ನೋಡಿ ಇದು ಬಸುರಿನ ಲೆಕ್ಕದಲ್ಲಿ ಸರಿ ಇದೆ, ಮಾತ್ರೆ ಬೇಡ ಅಂದ್ರು. ಬಿಪಿ 116/76. ಆದ್ರೆ ಗ್ಲೂಕೋಸ್ ಕುಡ್ಸಿ ಎರಡು ಗಂಟೆ ಆದ್ಮೇಲೆ ನೋಡಿದ ಶುಗರ್ 152 ಬಂತು, 140 ದಾಟಿದ್ರೆ ಗರ್ಭಿಣಿ ಶುಗರ್ ಅಂತೆ. ಸಿಸ್ಟರ್ ಹೇಳ್ದೇ ಇದ್ರೆ ನಾನು ಕೊಲೆಸ್ಟ್ರಾಲ್ ಬಗ್ಗೆನೇ ಕೇಳ್ತಾ ಕೂತಿರ್ತಿದ್ದೆ. ಎರಡು ವಾರ ಊಟ ನಡಿಗೆಯಲ್ಲೇ ನೋಡೋಣ, ಊಟ ಆಗಿ ಎರಡು ಗಂಟೆಗೆ 120ರ ಒಳಗೆ ಬರ್ಬೇಕು, ಬರ್ದಿದ್ರೆ ಔಷಧಿ ಅಂದಿದಾರೆ. ಕುಡ್ಲ ಮೇಡಂ ಹೇಳಿದ ಊಟನೇ ಹೆಚ್ಚುಕಮ್ಮಿ ಅವರೂ ಬರ್ಕೊಟ್ರು. ಅತ್ತೆ ಜೊತೇಲೇ ಬಂದಿದ್ರು, ಡಾಕ್ಟರ್ ಬಾಯಿಂದಾನೇ ಕೇಳಿದ್ದಕ್ಕೆ ಅವರಿಗೂ ಸಮಾಧಾನ ಆಯ್ತು. ನಾದಿನಿಗೆ ಫೋನ್ ಮಾಡಿ ಕೇಳಿದೆ, ಅವಳಿಗೂ ಬಿಪಿ ಏರಿತ್ತಂತೆ, ನಮಗ್ಯಾರಿಗೂ ಅದು ಸರಿಯಾಗಿ ಗೊತ್ತಿರ್ಲಿಲ್ಲ.

ಒಂದೇ ಪ್ರಶ್ನೆ, ಕೊಲೆಸ್ಟ್ರಾಲ್ ಮತ್ತೆ ಯಾವಾಗ ಟೆಸ್ಟ್ ಮಾಡಿಸ್ಲಿ? ಕೇಳೋದು ಮರ್ತು ಬಂದೆ.

ಲೇಬರ್‌ವಾರ್ಡ್_ಸಿಸ್ಟರ್:

ಡೆಲಿವರಿ ಆಗಿ ಮೂರು ತಿಂಗಳು ಬಿಟ್ಟು ಮಾಡ್ಸಿ, ಅಷ್ಟರಲ್ಲಿ ಬಸುರಿಂದು ಏರಿದ್ದು ಇಳಿದಿರತ್ತೆ. ಶುಗರ್ ಮಾತ್ರ ಅಷ್ಟು ಕಾಯ್ಬೇಡಿ, ಡೆಲಿವರಿ ಆಗಿ 6 ವಾರಕ್ಕೇ ಮತ್ತೆ ಗ್ಲೂಕೋಸ್ ಟೆಸ್ಟ್ ಆಗ್ಬೇಕು, ಅಮ್ಮನಿಗೂ ಅಜ್ಜಿಗೂ ಇರೋದ್ರಿಂದ ವರ್ಷಕ್ಕೊಂದ್ಸಲ ನೋಡ್ತಿರ್ಬೇಕು. ಈಗ ಊಟ ಆದ್ಮೇಲೆ ಒಂದು 15 ನಿಮಿಷ ಮನೆ ಮುಂದೇನೇ ನಡೀರಿ.